ಹಳೆ ಟ್ರಾಫಿಕ್ ಕೇಸು, ತಪ್ಪಿದ ಕೋರ್ಟ್ ಡೇಟು: ಅನುಭವ ಇದ್ದವರು ಹೇಳಿ

ಕೇಳಿದ್ದು: ನನ್ನ ತಮ್ಮ 2022ರಲ್ಲಿ ಬೆಂಗಳೂರಿನಲ್ಲಿ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದ. ಕೋರ್ಟ್ ಡೇಟ್ ಕೊಟ್ಟರು, ಹೋಗಲಿಲ್ಲ. ಈಗ ಪುಣೆಯಲ್ಲಿದ್ದಾನೆ. ಅದೇ ಬೈಕಿನ ಮೇಲೆ ಹೆಲ್ಮೆಟ್, ಸಿಗ್ನಲ್ ಜಂಪ್ ದಂಡವೂ ಬಾಕಿ ಇದೆ. ಊರಿಗೆ ಬಂದರೆ ಅರೆಸ್ಟ್ ಮಾಡುತ್ತಾರಾ?

ಬೆಂಗಳೂರಿನಿಂದ: ಅಕ್ಕ, ಮೊದಲು ಎರಡನ್ನೂ ಬೇರೆ ಮಾಡಿ ನೋಡಿ. ಹೆಲ್ಮೆಟ್, ಸಿಗ್ನಲ್ ದಂಡ ಪೊಲೀಸರಿಗೇ ಕಟ್ಟಿ ಮುಗಿಸುವಂಥದ್ದು. ಕುಡಿದು ಓಡಿಸಿದ್ದು ಹಾಗಲ್ಲ. ಅದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್, ಜಡ್ಜ್ ಮುಂದೆಯೇ ತೀರ್ಮಾನ ಆಗಬೇಕು. ಆನ್‌ಲೈನ್‌ನಲ್ಲಿ ಬಾಕಿ ಸೊನ್ನೆ ಅಂತ ತೋರಿಸಿದರೂ ಕೋರ್ಟಿನ ಕೇಸು ಹಾಗೇ ಇರುತ್ತದೆ. ನಮ್ಮ ಭಾವಮೈದುನನಿಗೂ ಹೀಗೇ ಆಗಿತ್ತು. ದಂಡ ಎಲ್ಲ ಕಟ್ಟಿದ್ದೀನಿ ಅಂತ ನೆಮ್ಮದಿಯಾಗಿದ್ದ, ಅಷ್ಟರಲ್ಲಿ ವಾರಂಟ್ ಆಗಿತ್ತು.

ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕೇಸಿನ ಸ್ಥಿತಿ ನೋಡಬಹುದು. ಪ್ರತಿ ಕೇಸಿಗೂ ಕೊಡುವ 16 ಅಕ್ಷರದ ಸಿಎನ್‌ಆರ್ ನಂಬರ್ ಇದ್ದರೆ ಸುಲಭ. ಇಲ್ಲದಿದ್ದರೆ ಹೆಸರು, ವರ್ಷ ಹಾಕಿ ಹುಡುಕಿ. ಇನಿಷಿಯಲ್ ಹಿಂದೆ ಮುಂದೆ ಮಾಡಿ, ಸ್ಪೆಲಿಂಗ್ ಬದಲಿಸಿಯೂ ನೋಡಿ. ನಮಗೆ ಹಾಗೇ ಸಿಕ್ಕಿದ್ದು.

ವಾರಂಟ್ ಆಗಿದ್ದರೆ ಅದಕ್ಕೆ ವಾಯಿದೆ ಇಲ್ಲ. ಕೊಟ್ಟ ಕೋರ್ಟೇ ರದ್ದು ಮಾಡಬೇಕು, ಇಲ್ಲವೇ ಜಾರಿಯಾಗಬೇಕು. ಹಾಗಾಗಿ ಅರೆಸ್ಟ್ ಆಗುವುದೇ ಇಲ್ಲ ಅಂತ ನಾನು ಸುಮ್ನೆ ಧೈರ್ಯ ಹೇಳಲಾರೆ. ಆದರೆ ಪೊಲೀಸರು ಕರೆದುಕೊಂಡು ಹೋಗುವುದಕ್ಕೂ, ತಾನೇ ವಕೀಲರ ಜೊತೆ ಹೋಗಿ ನಿಲ್ಲುವುದಕ್ಕೂ ಬಹಳ ವ್ಯತ್ಯಾಸ ಇದೆ. ವಕೀಲರು ವಕಾಲತ್ತಿನ (ತಮ್ಮ ಪರ ನಿಲ್ಲಲು ಕೊಡುವ ಅಧಿಕಾರ ಪತ್ರ) ಜೊತೆ ವಾರಂಟ್ ರೀಕಾಲ್ ಅರ್ಜಿ, ಅಂದರೆ ವಾರಂಟ್ ರದ್ದು ಮಾಡಿ ಅಂತ ಕೇಳುವ ಅರ್ಜಿ ಹಾಕುತ್ತಾರೆ. ಯಾಕೆ ಬರಲಿಲ್ಲ ಅಂತ ಅದರಲ್ಲಿ ಹೇಳಬೇಕು. ಕೆಲಸಕ್ಕೆ ಪುಣೆಗೆ ಹೋಗಿದ್ದರೆ ಆಫೀಸಿನ ಪತ್ರ, ಅಲ್ಲಿನ ಬಾಡಿಗೆ ಕರಾರು ತರಲಿ. ಸುಳ್ಳು ಕಾಯಿಲೆ ಸರ್ಟಿಫಿಕೇಟ್ ಮಾತ್ರ ಬೇಡವೇ ಬೇಡ. ಜಾಮೀನಿಗೆ ಶ್ಯೂರಿಟಿ (ಹೊಣೆ ನಿಲ್ಲುವವರು) ಕೇಳಿದರೂ ಕೇಳಬಹುದು, ಒಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಮೊದಲ ಸಲದ ತಪ್ಪಾದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಕಾನೂನಿನಲ್ಲಿದೆ. ಭಾವಮೈದುನ ತಪ್ಪೊಪ್ಪಿಕೊಂಡ, ದಂಡಕ್ಕೇ ಮುಗಿಯಿತು. ಒಪ್ಪಿಕೊಳ್ಳಬೇಕಾ ಬೇಡವಾ ಅನ್ನುವುದನ್ನು ಕೇಸಿನ ಕಾಗದ ಓದಿದ ವಕೀಲರೇ ಹೇಳಬೇಕು. ದಂಡ ಕಟ್ಟಿದ ರಸೀದಿ, ಆದೇಶದ ಪ್ರತಿ ಎರಡನ್ನೂ ಕೇಳಿ ಪಡೆಯಿರಿ. ವಾರಂಟ್ ರದ್ದಾದ ವಿಷಯ ಠಾಣೆಗೆ ಮುಟ್ಟಿದೆಯಾ ಅಂತಲೂ ವಿಚಾರಿಸಿ. ಲೈಸೆನ್ಸ್ ಅಮಾನತು ಬೇರೆಯದೇ ವಿಷಯ, ಅದನ್ನು ಆರ್‌ಟಿಒದಲ್ಲಿ ಕೇಳಬೇಕು.

ಮೈಸೂರಿನಿಂದ: ಬಾಕಿ ದಂಡದ ಬಗ್ಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ದಂಡ ಮನ್ನಾ ಮಾಡಿತ್ತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಅದೇ ರಿಯಾಯಿತಿ ಕೊಟ್ಟಿತು. ನಮ್ಮ ಮನೆಯ ಸ್ಕೂಟರಿನ ದಂಡ ಹಾಗೇ ತೀರಿಸಿದೆವು. ಇದು ಕ್ಯಾಮೆರಾ ದಂಡದಂಥದ್ದಕ್ಕೆ ಮಾತ್ರ. ರಿಯಾಯಿತಿ ಬರಲಿ ಅಂತ ಕೋರ್ಟಿನ ಕೇಸನ್ನೂ ಮುಂದೂಡಬೇಡಿ. ಕಟ್ಟುವ ಮೊದಲು ಪ್ರತಿ ದಂಡದ ಫೋಟೋ ತೆರೆದು ನೋಡಿ, ಬೇರೆ ಗಾಡಿಯದ್ದು ಬಂದಿದ್ದರೆ ಆಗಲೇ ತಕರಾರು ಕೊಡಿ. ಇನ್ನೊಂದು, ವಾಟ್ಸಾಪ್‌ನಲ್ಲಿ ಚಲನ್ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ. ಅದು ದುಡ್ಡು ಹೊಡೆಯುವವರ ಕೆಲಸ.

ಹುಬ್ಬಳ್ಳಿಯಿಂದ: ತಮ್ಮ ಬೈಕ್ ಮಾರಿದ್ದಾರಾ? ಆರ್‌ಸಿ (ಗಾಡಿಯ ನೋಂದಣಿ ಪತ್ರ) ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಕೊಂಡವರು ಮಾಡಿದ ತಪ್ಪಿನ ನೋಟಿಸೂ ಇವರಿಗೇ ಬರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ತುಮಕೂರಿನಿಂದ: ವಕೀಲರ ಫೀಸು ಕಷ್ಟ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲಿ ಕೇಳಿದರೆ ಆಫೀಸ್ ತೋರಿಸುತ್ತಾರೆ. ಆದಾಯ ಕಡಿಮೆ ಇದ್ದವರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪುಣೆಯಿಂದಲೇ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.