ಯಕ್ಷಗಾನದ ವಿಡಿಯೋ ಎಡಿಟಿಂಗ್‌ನಲ್ಲಿ ತಡೆದು ತಡೆದು ಓಡುತ್ತದೆ, ಏನು ಮಾಡಲಿ?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣ, ಕುಂಬಳೆಯಲ್ಲಿ ಒಂದು ಆಟ ಶೂಟ್ ಮಾಡಿದೆ. ಮೂರೂವರೆ ಗಂಟೆ, ಎರಡು ಕ್ಯಾಮೆರಾ, 4ಕೆ, 25 ಫ್ರೇಮ್, ಎಚ್.265, 10 ಬಿಟ್ 4:2:2. ಬದಿಯಿಂದ ತಮ್ಮ ಮೊಬೈಲಲ್ಲೂ ಹಿಡಿದಿದ್ದಾನೆ. ಲ್ಯಾಪ್‌ಟಾಪ್ ಐ5, 8ನೇ ಜನರೇಶನ್, 16 ಜಿಬಿ ರ‍್ಯಾಮ್. ಪ್ರೀಮಿಯರ್‌ನಲ್ಲಿ (ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್) ವೇಷ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವಲ್ಲಿ ಕಟ್ ಮಾಡಲು ಹೋದರೆ ಚೆಂಡೆ ಕೇಳುತ್ತದೆ, ವೇಷ ಗಾಳಿಯಲ್ಲೇ ನಿಂತಿರುತ್ತದೆ! ಯಾರೋ ಹೇಳಿದರು ಅಂತ ಒಂದು ಫೈಲನ್ನು ಕನ್ವರ್ಟರ್‌ಗೆ ಹಾಕಿ ಎಂಪಿ4 ಮಾಡಿದೆ. ಕಿರೀಟದ ಹೊಳಪೆಲ್ಲ ಕಲಸಿಹೋಯಿತು, ತಡೆಯುವುದು ಮಾತ್ರ ಹಾಗೇ ಇದೆ.

ಉತ್ತರ: ಆ ಎಂಪಿ4 ಡಿಲೀಟ್ ಮಾಡು. ಎಂಪಿ4 ಅಂದ್ರೆ ಬರೀ ಡಬ್ಬಿ, ಒಳಗಿನ ಸರಕು ಮತ್ತೆ ಅದೇ ಜಾತಿಯದ್ದು. ಎಚ್.265 ಅಂದ್ರೆ ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ, ಅದರಲ್ಲಿ ಪೂರ್ತಿ ಚಿತ್ರ ಆಗೊಮ್ಮೆ ಈಗೊಮ್ಮೆ ಮಾತ್ರ ಇರುತ್ತದೆ, ನಡುವಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತು ಅಂತ ಅಷ್ಟೇ ಬರೆದಿರುತ್ತದೆ, ಹಾಗಾಗಿ ನೀನು ಮಧ್ಯದಲ್ಲಿ ಎಲ್ಲೋ ಕ್ಲಿಕ್ ಮಾಡಿದರೆ ಕಂಪ್ಯೂಟರ್ ಹಿಂದೆ ಹೋಗಿ ಲೆಕ್ಕ ಹಾಕಿಕೊಂಡು ಬರಬೇಕು. ಅದರ ಮೇಲೆ 4:2:2, ಅಂದ್ರೆ ಬಣ್ಣದ ವಿವರ ಜಾಸ್ತಿ ಇಟ್ಟುಕೊಳ್ಳುವ ಬಗೆ. ಇಂಟೆಲ್‌ನಲ್ಲಿ 8ನೇ ಜನರೇಶನ್‌ನ ಚಿಪ್ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ, ಭಾರ ಎಲ್ಲ ಪ್ರೊಸೆಸರ್ ತಲೆ ಮೇಲೆ. ರ‍್ಯಾಮ್ ಜಾಸ್ತಿ ಹಾಕಿದರೂ ಇದು ಹೋಗಲ್ಲ.

ಎಡಿಟಿಂಗ್‌ಗೆ ಸಲೀಸಾದ ಪ್ರೋರೆಸ್ 422 ಅನ್ನುವ ಫಾರ್ಮ್ಯಾಟ್‌ಗೆ ಪೂರ್ತಿ 4ಕೆ ಬದಲಿಸಿಬಿಡ್ತೇನೆ ಅನ್ನಬೇಡ, ಗಂಟೆಗೆ ಸುಮಾರು 220 ಜಿಬಿ ನುಂಗುತ್ತದೆ. ಪ್ರಾಕ್ಸಿ ಸಾಕು, ಅಂದ್ರೆ ಕಟ್ ಮಾಡಲು ಮಾತ್ರ ಬಳಸುವ ಹಗುರ ನಕಲು. ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳ ಮೇಲೆ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್, ಪ್ರೋರೆಸ್ ಪ್ರಾಕ್ಸಿ. ಇದಕ್ಕೆ ಅಡೋಬಿಯ ಮೀಡಿಯಾ ಎನ್‌ಕೋಡರ್ ಸಾಫ್ಟ್‌ವೇರ್ ಕೂಡ ಹಾಕಿರಬೇಕು. 1080ರಲ್ಲಿ ಗಂಟೆಗೆ ಹದಿನೇಳು ಜಿಬಿ ಆಸುಪಾಸು. ರಾತ್ರಿ ಹಾಕಿ ಮಲಗು, ಚಾರ್ಜರ್ ಸಿಕ್ಕಿಸಿಟ್ಟು. ಆಮೇಲೆ ಟಾಗಲ್ ಪ್ರಾಕ್ಸೀಸ್ ಬಟನ್ ಆನ್ ಮಾಡಿ ಕಟ್ ಮಾಡು. ಎಕ್ಸ್‌ಪೋರ್ಟ್ ಮಾಡುವಾಗ ಪ್ರೀಮಿಯರ್ ತಾನಾಗಿ ಒರಿಜಿನಲ್ ಫೈಲ್ ತೆಗೆದುಕೊಳ್ಳುತ್ತದೆ. ಬಣ್ಣ ಸರಿಮಾಡುವಾಗ, ಫೋಕಸ್ ನೋಡುವಾಗ ಮಾತ್ರ ಬಟನ್ ಆಫ್ ಮಾಡ್ಕೋ.

ಮೊಬೈಲ್ ಕ್ಲಿಪ್ ಮಾತ್ರ ನಿಜವಾಗಿ ಕನ್ವರ್ಟ್ ಮಾಡು. ಫೋನಿನಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರಲ್ಲ, ಅರ್ಧ ಗಂಟೆಗೆ ಚೆಂಡೆ ಪೆಟ್ಟು ಒಂದು ಕಡೆ, ಕೋಲು ಒಂದು ಕಡೆ. ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಅಂತ ಇದೆ, ಅದನ್ನು ಒತ್ತಿ, ಕ್ವಾಲಿಟಿ ಸ್ವಲ್ಪ ಮೇಲಿಟ್ಟು ತೆಗಿ.

ಪ್ರಶ್ನೆ: ಈಗ ಬೆಣ್ಣೆ ಹಾಗೆ ಓಡ್ತಾ ಇದೆ ಅಣ್ಣ. ಪ್ರಾಕ್ಸಿ ಆಯ್ತಲ್ಲ, ಕ್ಯಾಮೆರಾದ ಕಾರ್ಡ್ ಖಾಲಿ ಮಾಡಬಹುದಾ? ನಾಳೆ ಮಧೂರಿನಲ್ಲಿ ಒಂದು ಮದುವೆ ಇದೆ.

ಉತ್ತರ: ಅಯ್ಯೋ ಬೇಡ ಮಾರಾಯ! ಪ್ರಾಕ್ಸಿ ಹೋದರೆ ಮತ್ತೊಂದು ರಾತ್ರಿಯಲ್ಲಿ ಮಾಡಬಹುದು, ಒರಿಜಿನಲ್ ಹೋದರೆ ಮೇಳದವರನ್ನು ಮತ್ತೆ ಕುಣಿಸ್ತೀಯಾ? ಮೊದಲು ಎರಡು ಡಿಸ್ಕ್‌ಗೆ ಕಾಪಿ ಮಾಡು, ಒಂದೊಂದು ಫೈಲ್ ತೆರೆದು ನೋಡು, ಆಮೇಲೆ ಕಾರ್ಡ್ ಮುಟ್ಟು. ಮದುವೆಗೆ ಬೇರೆ ಕಾರ್ಡ್ ತಗೊಂಡು ಹೋಗು.