‘ಸನ್ನಾಹ ಪಂದ್ಯ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಸುದ್ದಿಯ ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಬೆಳಿಗ್ಗೆ ಎರಡು ಪೇಪರ್ ಬರುತ್ತದೆ, ಒಂದು ಕನ್ನಡದ್ದು, ಒಂದು ಮಲಯಾಳದ್ದು. ವಿಶ್ವಕಪ್ ಹತ್ತಿರ ಬಂತೆಂದರೆ ಮಲಯಾಳ ಪೇಪರಿನಲ್ಲಿ ಪುಟಗಟ್ಟಲೆ ಫುಟ್‌ಬಾಲ್. ಯಾರ ಮಂಡಿ ನೋವು, ಯಾರು ಬೆಂಚಿನಲ್ಲಿ, ಕೋಚ್ ಏನು ಹೇಳಿದರು, ಎಲ್ಲವೂ ಇರುತ್ತದೆ. ಅದನ್ನು ಓದಿ ಕನ್ನಡ ಪೇಪರಿಗೆ ಬಂದಾಗ ಒಂದು ಕಡೆ ಮಾತ್ರ ನನಗೆ ಪ್ರತಿ ಸಲ ತೊಡಕಾಗುತ್ತದೆ. ದೊಡ್ಡ ಟೂರ್ನಿಗೆ ಮೊದಲು ದೇಶದ ತಂಡ ಇನ್ನೊಂದು ದೇಶದ ಜೊತೆ ಆಡುವ ಪಂದ್ಯಕ್ಕೆ ನಾವು ಏನು ಹೇಳಬೇಕು?

ಕನ್ನಡದಲ್ಲಿ ನಾನು ಕಂಡದ್ದು ಎರಡು: ‘ಅಭ್ಯಾಸ ಪಂದ್ಯ’, ‘ಸೌಹಾರ್ದ ಪಂದ್ಯ’. ಇದರಲ್ಲಿ ಮೊದಲನೆಯದು ಕ್ರಿಕೆಟ್‌ನಿಂದ ಬಂದದ್ದಿರಬೇಕು. ಕ್ರಿಕೆಟ್‌ನಲ್ಲಿ ಅದು ಸರಿ. ಅಲ್ಲಿ ಅಭ್ಯಾಸ ಪಂದ್ಯದ ರನ್ನು ಅಂತರರಾಷ್ಟ್ರೀಯ ಲೆಕ್ಕಕ್ಕೆ ಸೇರುವುದಿಲ್ಲ. ಫುಟ್‌ಬಾಲ್‌ನಲ್ಲಿ ಹಾಗಲ್ಲ. 2022ರ ನವೆಂಬರ್ 16ರಂದು ಅರ್ಜೆಂಟೀನಾ ಅಬುಧಾಬಿಯಲ್ಲಿ ಯುಎಇ ವಿರುದ್ಧ 5-0 ಗೆದ್ದಿತು. ಅದರಲ್ಲಿ ಮೆಸ್ಸಿ ಹೊಡೆದ ಗೋಲು ದೇಶಕ್ಕಾಗಿ ಅವರ 91ನೆಯದು. ಆ ಗೆಲುವಿನಿಂದ ಅರ್ಜೆಂಟೀನಾದ ಸೋಲಿಲ್ಲದ ಓಟ 36 ಪಂದ್ಯಕ್ಕೆ ಮುಟ್ಟಿತು. ಆರು ದಿನ ಕಳೆದು ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ 2-1ರಿಂದ ಅದನ್ನು ನಿಲ್ಲಿಸಿತಲ್ಲ, ಆಗ ಎಲ್ಲ ಕಡೆ ಬಂದದ್ದು ಇದೇ 36ರ ಲೆಕ್ಕ. ಬರೀ ಅಭ್ಯಾಸವಾಗಿದ್ದರೆ ಅದು ಲೆಕ್ಕಕ್ಕೆ ಬರುತ್ತಿತ್ತಾ? ಫಿಫಾ ರ‍್ಯಾಂಕಿಂಗ್‌ನಲ್ಲೂ ಇಂಥ ಪಂದ್ಯಕ್ಕೆ ಬೆಲೆ ಇದೆ. ವಿಶ್ವಕಪ್ ಪಂದ್ಯದ ತೂಕ 50 ಅಥವಾ 60 ಆದರೆ ಇದರದ್ದು 5 ಅಥವಾ 10. ಕಡಿಮೆ, ಆದರೆ ಸೊನ್ನೆ ಅಲ್ಲ. ಹಾಗಾಗಿ ‘ಅಭ್ಯಾಸ’ ಎಂದು ಬರೆದರೆ ಓದುವವರಿಗೆ ತಪ್ಪು ತಿಳಿಯುತ್ತದೆ ಎಂದೇ ನನ್ನ ಅಭಿಪ್ರಾಯ.

‘ಸೌಹಾರ್ದ ಪಂದ್ಯ’ದಲ್ಲಿ ತಪ್ಪಿಲ್ಲ. ಆದರೆ ವಿಶ್ವಕಪ್‌ಗೆ ಎರಡು ವರ್ಷ ಇರುವಾಗ ಆಡಿದ್ದೂ ಸೌಹಾರ್ದವೇ, ಎದುರಿಗೆ ಬಂದು ನಿಂತಾಗ ಆಡಿದ್ದೂ ಸೌಹಾರ್ದವೇ. ತಯಾರಿಯ ಬಿಸಿ ಆ ಪದದಲ್ಲಿಲ್ಲ.

ಮಲಯಾಳದವರು ಇದನ್ನು ಬೇರೆ ಮಾಡಿಕೊಂಡಿದ್ದಾರೆ. ಅವರಲ್ಲಿ ‘ಸೌಹೃದ ಮತ್ಸರಂ’ ಬೇರೆ, ಟೂರ್ನಿಯ ತಯಾರಿಗೆಂದು ಆಡುವ ‘ಸನ್ನಾಹ ಮತ್ಸರಂ’ ಬೇರೆ. (ಅವರ ಮತ್ಸರ ಎಂದರೆ ಸ್ಪರ್ಧೆ, ಪಂದ್ಯ. ಪುತ್ತೂರಿನಿಂದ ಬಂದಿದ್ದ ನಮ್ಮ ಅತ್ತೆ ಟಿವಿಯಲ್ಲಿ ಇದನ್ನು ಕೇಳಿ, “ಸ್ನೇಹದೊಳಗೆ ಮತ್ಸರ ಎಂತಕ್ಕೆ?” ಎಂದಿದ್ದರು. ನಮ್ಮ ‘ಪಂದ್ಯ’ ಮಲಯಾಳದವರ ಕಿವಿಗೆ ‘ಪಂದಯಂ’, ಅಂದರೆ ಬಾಜಿ. ಹಳೆಯ ಕನ್ನಡದಲ್ಲೂ ಆ ಅರ್ಥ ಇದ್ದೇ ಇದೆ.)

‘ಮತ್ಸರ’ವನ್ನು ಬಿಟ್ಟು ‘ಸನ್ನಾಹ’ವನ್ನು ಮಾತ್ರ ನಾವು ತೆಗೆದುಕೊಂಡರೆ ಹೇಗೆ? ಅದೇನು ಹೊರಗಿನ ಪದವಲ್ಲ. ‘ಯುದ್ಧ ಸನ್ನಾಹ’, ‘ಹೊರಡುವ ಸನ್ನಾಹದಲ್ಲಿದ್ದರು’ ಎಂದು ನಾವೂ ಹೇಳುತ್ತೇವೆ. ಮೂಲದಲ್ಲಿ ಅದು ಸಂಸ್ಕೃತದ ‘ನಹ್’, ಅಂದರೆ ಕಟ್ಟು. ಮೈಗೆ ಕವಚ ಕಟ್ಟಿಕೊಳ್ಳುವುದು ಸನ್ನಾಹ, ಕಟ್ಟಿಕೊಂಡು ನಿಂತವನು ಸನ್ನದ್ಧ. ‘ತಂಡ ಸನ್ನದ್ಧ’ ಎಂದು ಕ್ರೀಡಾಪುಟದಲ್ಲಿ ದಿನಾ ಬರೆಯುವ ನಾವು ‘ಸನ್ನಾಹ ಪಂದ್ಯ’ ಎನ್ನಲು ಯಾಕೆ ಹಿಂಜರಿಯಬೇಕು? ನಿಘಂಟು ತೆಗೆದು ಕೂತಾಗ ನನಗೆ ತುಂಬ ಖುಷಿ ಕೊಟ್ಟದ್ದು ಇನ್ನೊಂದು ಪದ: ಉಪಾನಹ. ಎಂದರೆ ಮೆಟ್ಟು, ಪಾದರಕ್ಷೆ. ಅದರಲ್ಲಿರುವುದೂ ಇದೇ ‘ನಹ್’. ಕಾಲಿಗೆ ಕಟ್ಟಿಕೊಳ್ಳುವುದು!

ಬೂಟಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಒಬ್ಬ ಆಟಗಾರ ದೇಶಕ್ಕಾಗಿ ಆಡಿದ ಎನ್ನಲು ಮಲಯಾಳದಲ್ಲಿ ‘ಬೂಟ್ ಕೆಟ್ಟಿ’ ಎನ್ನುತ್ತಾರೆ, ಬೂಟು ಕಟ್ಟಿದ ಎಂದು. ನಮ್ಮ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಾಫಿ ಭಾರತಕ್ಕಾಗಿ ಬೂಟು ಕಟ್ಟಿದವರು. ಈ ಮಾತು ನನಗೆ ಒಂಚೂರೂ ಪರಕೀಯ ಅನ್ನಿಸುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಇಲ್ಲೇ ಪಕ್ಕದಲ್ಲಿ. ಇಂಥ ಮೇಳದಲ್ಲಿ ಇಷ್ಟು ವರ್ಷ ಗೆಜ್ಜೆ ಕಟ್ಟಿದರು ಎಂದೇ ನಾವು ಕಲಾವಿದರ ಬಗ್ಗೆ ಹೇಳುವುದು. ಕೆಲಸಕ್ಕೆ ತಯಾರಾದವರು ಟೊಂಕ ಕಟ್ಟುತ್ತಾರೆ. ಕನ್ನಡದಲ್ಲಿ ತಯಾರಿ ಎಂದರೆ ಕಟ್ಟುವುದೇ ಅಲ್ವಾ?

ಮೇಳ ಎಂದಾಗ ಇನ್ನೊಂದು ನೆನಪಾಯಿತು. ವಿಶ್ವಕಪ್‌ಗೆ ಆರಿಸಿದ 26 ಜನರೂ ನಮಗೆ ‘ತಂಡ’, ಮೈದಾನಕ್ಕಿಳಿದ 11 ಜನರೂ ‘ತಂಡ’. ಇದರಿಂದ ‘ಬದಲಿ ಆಟಗಾರ’ ಎಂಬುದೂ ಗೊಂದಲ. ಅಬುಧಾಬಿಯ ಆ ಪಂದ್ಯದಲ್ಲೇ ಗೋಲು ಹೊಡೆದ ಹೊವಾಕಿನ್ ಕೊರಿಯಾ ಗಾಯದಿಂದ ಮರುದಿನ ಹೊರಬಿದ್ದರು. ಅವರೊಂದಿಗೆ ನಿಕೊ ಗೊನ್ಸಾಲೆಸ್ ಕೂಡ. ಹೀಗೆ ಹೋದವರ ಜಾಗಕ್ಕೆ ಬಂದವರೂ ‘ಬದಲಿ’, ಎರಡನೇ ಅರ್ಧದಲ್ಲಿ ಬೆಂಚಿನಿಂದ ಎದ್ದವರೂ ‘ಬದಲಿ’. 26 ಜನರಿಗೆ ‘ಬಳಗ’, ಆಡುವವರಿಗೆ ‘ತಂಡ’ ಎಂದು ಬೇರೆ ಮಾಡಿದರೆ ‘ಬಳಗಕ್ಕೆ ಸೇರಿದರು’, ‘ಬದಲಿಯಾಗಿ ಇಳಿದರು’ ಎಂದು ಸುಲಭವಾಗಿ ಬರೆಯಬಹುದು.

‘ಸನ್ನಾಹ’ದ ಬಗ್ಗೆ ನನಗಿರುವ ಅಳುಕು ಒಂದೇ. ನಮ್ಮ ಕಡೆ “ಅವನದ್ದೇನೋ ಸನ್ನಾಹ ನಡೀತಾ ಉಂಟು” ಎಂದರೆ ಒಳಗೊಳಗೆ ಏನೋ ಹೂಡುತ್ತಿದ್ದಾನೆ ಎಂಬ ಛಾಯೆಯೂ ಬರುತ್ತದೆ, ಹುನ್ನಾರದ ಹಾಗೆ. 2026ರ ವಿಶ್ವಕಪ್‌ಗೆ 48 ದೇಶಗಳು. ಅಷ್ಟೂ ದೇಶಗಳ ತಯಾರಿಯ ಸುದ್ದಿಗೆ ಈ ಪದ ಬಳಸಿದರೆ ಧಾರವಾಡದವರಿಗೆ, ಮೈಸೂರಿನವರಿಗೆ, ಸೊಲ್ಲಾಪುರದ ಕನ್ನಡಿಗರಿಗೆ ಅದು ಹೇಗೆ ಕೇಳಿಸುತ್ತದೆ? ನಿಮ್ಮ ಕಡೆಯ ಮಾತಿನಲ್ಲಿ ‘ಸನ್ನಾಹ’ ಬಳಕೆಯಲ್ಲಿದ್ದರೆ ಒಂದೆರಡು ವಾಕ್ಯ ಬರೆದು ಕಳಿಸಿ. ‘ಬೂಟು ಕಟ್ಟಿದ’ ಎಂದು ಕನ್ನಡದಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದರೆ ಅದನ್ನೂ ತಿಳಿಸಿ.