ಎಕ್ಸ್‌ರಿಸೋರ್ಸಸ್‌ನಲ್ಲಿ ಬರೆದ ಫಾಂಟ್, ಬಣ್ಣ ಎಕ್ಸ್‌ಟರ್ಮ್‌ನಲ್ಲಿ ಕಾಣಿಸುತ್ತಿಲ್ಲ

ಪ್ರಶ್ನೆ:
ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂನ ಹಿನ್ನೆಲೆ ಕಪ್ಪಾಗಿಯೂ ಅಕ್ಷರ ದೊಡ್ಡದಾಗಿಯೂ ಇರಲೆಂದು ಹೋಮ್ ಫೋಲ್ಡರ್‌ನ ಎಕ್ಸ್‌ರಿಸೋರ್ಸಸ್ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಎಕ್ಸ್‌ಟರ್ಮ್ ಕ್ಲಾಸ್‌ನ (ಪ್ರೋಗ್ರಾಂ ತನ್ನನ್ನು ಗುರುತಿಸಿಕೊಳ್ಳುವ ಗುಂಪಿನ) ಹೆಸರಿನಡಿ ಫೇಸ್‌ನೇಮ್ (ಫಾಂಟ್‌ನ ಹೆಸರು), ಫೇಸ್‌ಸೈಜ್ 14 (ಅಕ್ಷರದ ಗಾತ್ರ), ರಿವರ್ಸ್‌ವಿಡಿಯೊ ಟ್ರೂ (ಹಿನ್ನೆಲೆ, ಅಕ್ಷರಗಳ ಬಣ್ಣ ಅದಲುಬದಲು) ಎಂಬ ಮೂರು ಸಾಲುಗಳನ್ನು ಸೇರಿಸಿದ್ದೇನೆ. ಕಡತವನ್ನು ಉಳಿಸಿ, ಮೆನುವಿನಿಂದ ಹೊಸ ವಿಂಡೋ ತೆರೆದರೂ ಅದೇ ಬಿಳಿ ಹಿನ್ನೆಲೆ, ಅದೇ ಸಣ್ಣ ಅಕ್ಷರ ಬರುತ್ತದೆ. ದೋಷದ ಸಂದೇಶವೇನೂ ಕಾಣಿಸುವುದಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1:
ಎಕ್ಸ್‌ಟರ್ಮ್ ಆ ಕಡತವನ್ನು ತಾನಾಗಿ ತೆರೆದು ಓದುವುದಿಲ್ಲ. ಎಕ್ಸ್‌ಆರ್‌ಡಿಬಿ ಎಂಬ ಕಮಾಂಡ್ ಅದರ ಸಾಲುಗಳನ್ನು ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಎಕ್ಸ್ ಸರ್ವರ್‌ಗೆ ಒಪ್ಪಿಸಿದ ಮೇಲೆ ತೆರೆಯುವ ವಿಂಡೋಗಳು ಮಾತ್ರ ಅವನ್ನು ಅಲ್ಲಿಂದ ಪಡೆಯುತ್ತವೆ. ಮೊದಲೇ ತೆರೆದಿರುವವು ಹಾಗೆಯೇ ಉಳಿಯುತ್ತವೆ. ಲಾಗಿನ್ ಆಗುವಾಗ ಅನೇಕ ಡೆಸ್ಕ್‌ಟಾಪ್‌ಗಳು ಈ ಕೆಲಸವನ್ನು ತಾವೇ ಮಾಡುವುದರಿಂದ ಇದು ಗಮನಕ್ಕೆ ಬರುವುದಿಲ್ಲ. ಮರ್ಜ್ ಆಯ್ಕೆಯೊಂದಿಗೆ ಕಮಾಂಡ್ ಓಡಿಸಿ, ನಂತರ ಕ್ವೆರಿ ಆಯ್ಕೆಯಿಂದ ನಿಮ್ಮ ಸಾಲುಗಳು ಸೇರಿವೆಯೇ ನೋಡಿ. ಲೋಡ್ ಆಯ್ಕೆ ಬಳಸಬೇಡಿ, ಅದು ಹಿಂದೆ ಇದ್ದ ಎಲ್ಲವನ್ನೂ ಅಳಿಸಿಹಾಕುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕ್ವೆರಿಯಲ್ಲಿ ಮೂರೂ ಸಾಲುಗಳು ಕಾಣಿಸುತ್ತಿವೆ, ಆದರೆ ಹೊಸ ವಿಂಡೋ ಮಾತ್ರ ಬದಲಾಗಿಲ್ಲ.

ಉತ್ತರ 2:
ಹಾಗಾದರೆ ಸಾಲುಗಳು ಸರ್ವರ್ ತಲುಪಿವೆ, ವಿಂಡೋ ಅವು ತನಗೆ ಸೇರಿದವೆಂದು ಒಪ್ಪುತ್ತಿಲ್ಲ. ಮೆನು ತೆರೆಯುತ್ತಿರುವುದು ಎಕ್ಸ್‌ಟರ್ಮ್ ಅಲ್ಲದೆ ಯುಎಕ್ಸ್‌ಟರ್ಮ್ ಆಗಿರಬಹುದು. ಒಳಗೆ ಓಡುವುದು ಅದೇ ಪ್ರೋಗ್ರಾಂ ಆದರೂ ಅದನ್ನು ಯುಎಕ್ಸ್‌ಟರ್ಮ್ ಎಂಬ ಬೇರೆ ಕ್ಲಾಸ್‌ನಲ್ಲಿ ಎಬ್ಬಿಸುವುದರಿಂದ, ಎಕ್ಸ್‌ಟರ್ಮ್ ಕ್ಲಾಸ್‌ಗೆ ಬರೆದ ಸಾಲುಗಳು ಅದಕ್ಕೆ ತಾಗುವುದಿಲ್ಲ. ವಿಂಡೋದ ವಿವರ ತೋರಿಸುವ ಎಕ್ಸ್‌ಪ್ರಾಪ್ ಕಮಾಂಡ್ ಓಡಿಸಿ ಆ ವಿಂಡೋದ ಮೇಲೆ ಕ್ಲಿಕ್ ಮಾಡಿದರೆ ಡಬ್ಲ್ಯುಎಂ ಕ್ಲಾಸ್ ಎಂಬ ಸಾಲಿನಲ್ಲಿ ಎರಡು ಹೆಸರುಗಳು ಬರುತ್ತವೆ. ಎರಡನೆಯದೇ ಕ್ಲಾಸ್, ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದು ಯುಎಕ್ಸ್‌ಟರ್ಮ್ ಎಂದಿದ್ದರೆ ಅದೇ ಹೆಸರಿನಡಿ ಸಾಲುಗಳನ್ನು ಮತ್ತೊಮ್ಮೆ ಬರೆಯಿರಿ, ಇಲ್ಲವೇ ಮೆನುವಿನಲ್ಲಿ ಎಕ್ಸ್‌ಟರ್ಮನ್ನೇ ಇಡಿ. ನನ್ನ ಮಟ್ಟಿಗೆ ಎರಡನೆಯದೇ ಲೇಸು. ಯುಟಿಎಫ್-8 ಲೊಕೇಲ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಗ್ಗುವ ಭಾಷಾ ಸೆಟ್ಟಿಂಗ್) ಇರುವಲ್ಲಿ ಯುಎಕ್ಸ್‌ಟರ್ಮ್‌ನ ಅಗತ್ಯವೇ ಇಲ್ಲ.

ಪ್ರಶ್ನೆ ಕೇಳಿದವರು:
ಅದು ಯುಎಕ್ಸ್‌ಟರ್ಮೇ ಆಗಿತ್ತು. ಈಗ ಎಕ್ಸ್‌ಟರ್ಮ್ ತೆರೆದರೆ ಫಾಂಟ್ ಸರಿಯಾಗಿ ಬರುತ್ತಿದೆ, ಆದರೆ ಹಿನ್ನೆಲೆ ಇನ್ನೂ ಬಿಳಿಯಾಗಿಯೇ ಇದೆ.

ಉತ್ತರ 2:
ಮೆನುವಿನ ಬದಲು, ತೆರೆದಿರುವ ಟರ್ಮಿನಲ್‌ನಿಂದಲೇ ಎಕ್ಸ್‌ಟರ್ಮ್ ಎಂದು ಕಮಾಂಡ್ ಕೊಟ್ಟು ನೋಡಿ. ಮೆನುವಿನಿಂದ ತೆರೆದಾಗ ಕಣ್ಣಿಗೆ ಬೀಳದ ಎಚ್ಚರಿಕೆಗಳು ಅಲ್ಲಿ ಕಾಣುತ್ತವೆ. ಟ್ರೂ ಎಂಬುದನ್ನು ಬೂಲಿಯನ್ (ಹೌದು ಅಥವಾ ಇಲ್ಲ ಎಂಬ ಮೌಲ್ಯ) ಆಗಿ ಪರಿವರ್ತಿಸಲಾಗಲಿಲ್ಲ ಎಂಬ ಸಂದೇಶ ಬಂದರೆ, ಆ ಪದದ ನಂತರ ಒಂದು ಖಾಲಿ ಜಾಗ ಉಳಿದಿದೆ ಎಂದರ್ಥ. ಈ ಕಡತದಲ್ಲಿ ಸಾಲಿನ ಕೊನೆಯ ಖಾಲಿ ಜಾಗವೂ ಮೌಲ್ಯದ ಭಾಗವೇ ಆಗುತ್ತದೆ. ಕ್ಯಾಟ್ ಕಮಾಂಡನ್ನು ದೊಡ್ಡಕ್ಷರದ ಎ ಆಯ್ಕೆಯೊಂದಿಗೆ ಓಡಿಸಿದರೆ ಪ್ರತಿ ಸಾಲಿನ ಕೊನೆಗೆ ಡಾಲರ್ ಚಿಹ್ನೆ ಬರುತ್ತದೆ. ಟ್ರೂ ಪದಕ್ಕೂ ಆ ಚಿಹ್ನೆಗೂ ನಡುವೆ ಅಂತರವಿದ್ದರೆ ಅಳಿಸಿ, ಮತ್ತೆ ಮರ್ಜ್ ಮಾಡಿ, ಹೊಸ ವಿಂಡೋ ತೆರೆಯಿರಿ.